ಇಳತದಲ್ಲಿ ಇಳಿದ ವಿಮಾನ

ಪಿಂಚಣಿಯ ಕಾಗದಕ್ಕೆಂದು ಕಳೆದ ವಾರ ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಫೋಟೊ ತೆಗೆಸಿಕೊಂಡೆ. ಝೆರಾಕ್ಸು, ಲ್ಯಾಮಿನೇಶನ್ನು, ಮೊಬೈಲಿನ ಕವರು ಎಲ್ಲ ಒಂದೇ ಕಡೆ ಸಿಗುವ ಅಂಗಡಿ. ಅಲ್ಲಿಯ ಹುಡುಗಿ ಫೋನಿನಲ್ಲೇ ಫೋಟೊ ಹೊಡೆದು, ಬೆರಳಿನಿಂದ ಅದರ ಮೇಲೆ ಏನೋ ಸವರಿ, ನಾನು ಚಿಲ್ಲರೆ ಹುಡುಕುವಷ್ಟರಲ್ಲಿ ಅಚ್ಚು ಹಾಕಿ ಕೊಟ್ಟಳು. ಹೊರಗೆ ಬಂದು ಬಿಸಿಲಿಗೆ ಹಿಡಿದು ನೋಡಿದರೆ ಅದರಲ್ಲಿದ್ದವಳು ನಾನಲ್ಲ. ಹಣೆಯ ಗೆರೆ ಇಲ್ಲ, ಕಣ್ಣಿನ ಕೆಳಗಿನ ಚೀಲ ಇಲ್ಲ, ವರ್ಷಗಟ್ಟಲೆ ಪಾಠ ಹೇಳಿ ಸಂಪಾದಿಸಿದ ಸಿಡುಕಿನ ಗುರುತೂ ಇಲ್ಲ. ಸಿಟ್ಟು ಬರಬೇಕಿತ್ತು, ಬರುವುದೇ ನನ್ನ ರೂಢಿ. ಬದಲಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿತು. ಸುಕ್ಕು ಕಂಡರೆ ಕೈ ತುರಿಸುತ್ತಿದ್ದ ಇನ್ನೊಬ್ಬರು ನೆನಪಾದರು...

ಕಾರವಾರದ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದಾಗ ನಮ್ಮ ಪಕ್ಕದ ಮನೆಯೇ ಅವರ ಫೋಟೊ ಸ್ಟುಡಿಯೋ. ಮುಂದಿನ ಕೋಣೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಮೇಲೆ ಬಣ್ಣ ಮಾಸಿದ ತಾಜಮಹಲು. ಓಣಿಯ ಎಲ್ಲರಿಗೂ ಅವರು ಸ್ಟುಡಿಯೋ ಅಣ್ಣ. ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಅಕ್ಕೋರೆ ಎನ್ನುತ್ತಿದ್ದರು, ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ. ಅವರ ಹತ್ತಿರ ಫೋಟೊ ತೆಗೆಸಿಕೊಂಡವರು ಹತ್ತು ವರ್ಷ ಚಿಕ್ಕವರಾಗಿ ಮನೆಗೆ ಹೋಗುತ್ತಿದ್ದರು. ಮೊಡವೆ, ಮಚ್ಚೆ, ಸಿಡುಬಿನ ಕಲೆ ಯಾವುದೂ ಅವರ ಕೈಯಲ್ಲಿ ಉಳಿಯುತ್ತಿರಲಿಲ್ಲ. ಒಮ್ಮೆ ಯಾರದೋ ತೀರಿಕೊಂಡ ಅಜ್ಜನ ಫೋಟೊ ದೊಡ್ಡದು ಮಾಡಿಕೊಡುವಾಗ ಬೊಚ್ಚು ಬಾಯಿಗೆ ಪೂರ್ತಿ ಹಲ್ಲು ಕೂಡಿಸಿ ಕೊಟ್ಟಿದ್ದರು. ಮೊಮ್ಮಕ್ಕಳು ಗುರುತೇ ಹಿಡಿಯಲಿಲ್ಲವಂತೆ. ನಾನು ಹಂಗಿಸಿದರೆ, “ಸತ್ತ ಮೇಲಾದ್ರೂ ಚಂದ ಕಾಣ್ಲಿ ಬಿಡ್ರಿ ಅಕ್ಕೋರೆ” ಎಂದಿದ್ದರು.

ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋದ ಬಾಗಿಲು ತೆರೆಯುವುದೊಂದು ಶಾಸ್ತ್ರವಾಯಿತು. ಮದುವೆಯ ವಿಡಿಯೊ ಜೋಡಿಸಲು ತಂದಿದ್ದ ದೊಡ್ಡ ಕಂಪ್ಯೂಟರು ಮಳೆಗಾಲವಿಡೀ ಸುಮ್ಮನೆ ಕುಳಿತಿರುತ್ತಿತ್ತು. ಅಂಥ ಒಂದು ಆಷಾಢದಲ್ಲಿ, ಗುರುತಿನ ಚೀಟಿಯ ಫೋಟೊಕ್ಕೆ ಬಂದ ನೌಕಾನೆಲೆಯ ಗಿರಾಕಿಯೊಬ್ಬರು ಅವರಿಗೆ ಫ್ಲೈಟ್ ಸಿಮ್ಯುಲೇಟರ್ ಹಚ್ಚಿಕೊಟ್ಟರು. ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವುದು. ಗಾಳಿ, ಮೋಡ, ಗುಡ್ಡ, ಊರು ಎಲ್ಲ ಅದರೊಳಗೇ ಇರುತ್ತದೆ. ಆಟ ಎಂದರೆ ಅಣ್ಣನಿಗೆ ಮುಖ ಕೆಂಪಾಗುತ್ತಿತ್ತು. ನನಗೆ ಆಮೇಲೆ ತಿಳಿದದ್ದು, ಈಗ ಎಲ್ಲೂ ಹಾರದ ಹಳೆಯ ವಿಮಾನಗಳನ್ನೂ ಈಗಿಲ್ಲದ ಹಳೆಯ ನಿಲ್ದಾಣಗಳನ್ನೂ ತಾವೇ ತಯಾರಿಸಿ ಅದಕ್ಕೆ ಸೇರಿಸುವ ಹುಚ್ಚರ ಒಂದು ಬಳಗವೇ ಲೋಕದ ತುಂಬ ಇದೆ ಎಂದು. ಹಾಗೆ ಸೇರಿಸುವುದಕ್ಕೆ ಆಡ್-ಆನ್ ಎನ್ನುತ್ತಾರೆ. ಯಾವುದೋ ಚಳಿದೇಶದ ಒಬ್ಬ ಮುದುಕ ವಿಮಾನದ ಮೈಕಟ್ಟು ಮಾಡಿ ಕಳಿಸುತ್ತಿದ್ದ. ಅದಕ್ಕೆ ಬಣ್ಣ, ಅಕ್ಷರ, ಮೊಳೆಯ ತಲೆ, ತುಕ್ಕು ಎಲ್ಲ ಬರೆಯುವ ಕೆಲಸ ಅಣ್ಣನದು. ಅದಕ್ಕೆ ಅವರಿಟ್ಟ ಹೆಸರು ‘ಚರ್ಮ ಹೊದಿಸೂದು’. ಇಬ್ಬರ ನಡುವಿನ ಪತ್ರಗಳ ಇಂಗ್ಲಿಷ್ ನನ್ನ ಪಾಲಿಗೆ ಬಂತು. ಬೇಡ ಎನ್ನಬಹುದಿತ್ತು. ಆದರೆ ಅವರ ಹೆಂಡತಿ ಮಾಡುವ ಬಂಗಡೆ ಹುಳಿಯ ವಾಸನೆಗೆ ಬೇಡ ಎನ್ನುವ ಶಕ್ತಿ ನನಗಿರಲಿಲ್ಲ.

ಅವರು ಚರ್ಮ ಹೊದಿಸಿದ ಮೊದಲ ವಿಮಾನ ಎರಡು ಅಂತಸ್ತಿನ ರೆಕ್ಕೆಯ ಹಳೆಯ ಟಪಾಲು ವಿಮಾನ. ಅದರ ರೆಕ್ಕೆಗೆ ತಗಡಲ್ಲ, ಬಟ್ಟೆ. ಒಳಗಿನ ಕಟ್ಟಿಗೆಯ ಪಟ್ಟಿಗಳ ನಡುವೆ ಆ ಬಟ್ಟೆ ಅಲ್ಲಲ್ಲಿ ಜೋತಿರಬೇಕು, ಎಂಜಿನ್ನಿನ ಹಿಂದೆ ಎಣ್ಣೆ ಸೋರಿದ ಕಪ್ಪು ಗೆರೆ ಇರಬೇಕು. ಅಣ್ಣ ಜೋತದ್ದನ್ನೆಲ್ಲ ಇಸ್ತ್ರಿ ಹಾಕಿದ ಹಾಗೆ ಬಿಗಿದರು. ಎಣ್ಣೆಯ ಕಲೆಯನ್ನು ಮೊಡವೆ ತೆಗೆದ ಹಾಗೆ ತೆಗೆದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಂತೆ ಓಣಿಯವರನ್ನೆಲ್ಲ ಕರೆದು ತೋರಿಸಿದರು. ಚಳಿದೇಶದಿಂದ ಬಂದ ಉತ್ತರವನ್ನು ನಾನೇ ಓದಿ ಹೇಳಿದೆ, ಹೇಳುವಾಗ ನಗು ತಡೆಯಲಾಗಲಿಲ್ಲ. ‘ಬಹಳ ಸುಂದರವಾಗಿದೆ. ಇದರ ಮದುವೆ ಯಾವಾಗ?’ ಎಂದು ಆ ಮುದುಕ ಕೇಳಿದ್ದ.

ಅಣ್ಣ ಎಷ್ಟೋ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ, ಬರೆದವಳು ನಾನಲ್ಲ ಎನ್ನುವುದನ್ನೂ ಮರೆತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದುಕೊಂಡೆ. ಆದರೆ ಅವರು ಬಿಡಲಿಲ್ಲ. ಕ್ಯಾಮೆರಾ ಹೆಗಲಿಗೇರಿಸಿ ಬೈತಖೋಲ ಬಂದರಿಗೆ ಹೋಗಿ, ದಡಕ್ಕೆಳೆದ ದೋಣಿಗಳ ಹೊಟ್ಟೆಯನ್ನು ಹತ್ತಿರದಿಂದ ಫೋಟೊ ಹೊಡೆಯತೊಡಗಿದರು. ಉಪ್ಪುಗಾಳಿ ಎಲ್ಲಿಂದ ತಿನ್ನಲು ಶುರುಮಾಡುತ್ತದೆ, ತುಕ್ಕು ಕೆಳಗೆ ಹೇಗೆ ಇಳಿಯುತ್ತದೆ, ಹಗ್ಗ ಉಜ್ಜಿದಲ್ಲಿ ಬಣ್ಣ ಎಷ್ಟು ಪದರ ಏಳುತ್ತದೆ ಎಂದು ನೋಡುವುದೇ ಕೆಲಸ. ಮೀನುಗಾರಿಕೆ ಇಲಾಖೆಯವರು ತಪಾಸಣೆಗೆ ಬಂದಿದ್ದಾರೆಂದು ಒಬ್ಬ ದೋಣಿಯವ ಅವರಿಗೆ ಎಳನೀರು ಕೊಟ್ಟನಂತೆ. ಕುಡಿದೇ ಬಂದಿದ್ದರು. ನಿಧಾನವಾಗಿ ಅವರ ವಿಮಾನಗಳಿಗೆ ವಯಸ್ಸಾಗತೊಡಗಿತು. ಆಮೇಲೆ ಆ ವಿಮಾನಗಳಿಗೆ ಹೊಂದುವ ನಿಲ್ದಾಣಗಳನ್ನೂ ಮಾಡಿದರು, ಹುಲ್ಲಿನ ಓಡುದಾರಿ, ತಗಡಿನ ಕೊಟ್ಟಿಗೆ, ಹಂಚಿನ ಮಾಡಿನ ಟಿಕೇಟು ಕೋಣೆ. ಹೊಸ ನಿಲ್ದಾಣದಲ್ಲೇ ನಿಲ್ಲಿಸಿದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ, “ಅಜ್ಜನ ಕರ್ಕಂಡ್ ಹೋಗಿ ಮಾಲಿನಲ್ಲಿ ಬಿಟ್ಟ ಹಾಂಗೆ ಕಾಣ್ತದೆ” ಎಂದರು. ಅವರಿಗೆ ಹಳೆಯದರ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ ಇರಬೇಕು.

ಈಗ ಅವರ ತಾಯಿಯ ವಿಷಯ ಹೇಳಬೇಕು. ಎಲ್ಲರೂ ಆಯಿ ಎನ್ನುತ್ತಿದ್ದರು. ಮಂಜಗುಣಿಯಲ್ಲಿ ಹುಟ್ಟಿದವರು, ಗಂಗಾವಳಿ ಹೊಳೆ ಕಡಲು ಸೇರುವ ಅಳಿವೆಯ ಬದಿಯಲ್ಲಿ. ಅಣ್ಣನ ಮನೆಯಲ್ಲಿ ಒಂದು ಮಾತಿತ್ತು. ಯಾರಾದರೂ ನಂಬಲಾಗದ ಸುದ್ದಿ ಹೇಳಿದರೆ “ಇಮಾನ ಇಳಿಸಬೇಡ” ಎನ್ನುತ್ತಿದ್ದರು, ಇಮಾನವೆಂದರೆ ವಿಮಾನ. ಮೀನಿನವಳು ರೇಟು ಏರಿಸಿದರೆ ಇಮಾನ ಇಳಿಸಿದಳು, ಅಳಿಯ ತಡವಾಗಿ ಬಂದು ಬಸ್ಸು ಕೆಟ್ಟಿತ್ತು ಎಂದರೆ ಇಮಾನ ಇಳಿಸಿದ. ನಾನೂ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಆ ಮಾತು ಬಳಸಿ ನಗಿಸಿದ್ದೆ. ಅದು ಎಲ್ಲಿಂದ ಬಂತೆಂದು ತಿಳಿದಿರಲಿಲ್ಲ. ಒಂದು ಸಲ ಆಯಿಯ ಎದುರು ಅಂದುಬಿಟ್ಟೆ. ಅವರು ಎದ್ದು ಒಳಗೆ ಹೋದರು.

ಅಂದು ಅಣ್ಣ ಹೇಳಿದ ಮೇಲೆ ಗೊತ್ತಾಯಿತು. ಆಯಿ ಚಿಕ್ಕ ಹುಡುಗಿಯಾಗಿದ್ದಾಗ, ಬ್ರಿಟಿಷರ ಕಾಲದಲ್ಲಿ, ಹೋಳಿ ಹುಣ್ಣಿಮೆಯ ಮರುದಿನ ತಾಯಿಯ ಜೊತೆ ಅಳಿವೆಗೆ ಬಳಚು ಹೆಕ್ಕಲು ಹೋಗಿದ್ದರು. ಸಂಜೆಯ ಇಳತ. ಹುಣ್ಣಿಮೆಯ ಸಮಯದ ಇಳತವೆಂದರೆ ನೀರು ದೂರಕ್ಕೆ ಸರಿದು ಮರಳಿನ ದಿಬ್ಬಗಳೆಲ್ಲ ಬೆತ್ತಲೆ ಬೀಳುತ್ತವೆ, ಆ ಹಸಿ ಮರಳಿನಲ್ಲೇ ಬಳಚಿನ ಚಿಪ್ಪು ಸಿಗುವುದು. ದೂರದ ಊರಿನಿಂದ ಸುಗ್ಗಿ ಕುಣಿತದ ಗುಮಟೆಯ ಸದ್ದು ಬರುತ್ತಿತ್ತಂತೆ. ಅದರ ನಡುವೆ ಇನ್ನೊಂದು ಸದ್ದು ಬಂತು. ದೋಣಿಯ ಹೊಟ್ಟೆಯ ಒಂದು ವಿಮಾನ ಬಂದು ಹೊಳೆಯ ಮೇಲೆ ಕುಳಿತಿತು. ಅದರ ನೆತ್ತಿಯ ಮುಚ್ಚಳ ತೆಗೆದು ಒಬ್ಬ ಬಿಳಿಯ ಹೊರಗೆ ಬಂದ, ರೆಕ್ಕೆಯ ಮೇಲೆ ನಡೆದು ತುದಿಯಲ್ಲಿ ನಿಂತು ಹೊಳೆಗೆ ಉಚ್ಚೆ ಹೊಯ್ದ, ಒಳಗೆ ಹೋದ, ವಿಮಾನ ಎದ್ದು ಹೋಯಿತು. ಇಷ್ಟೇ ಕತೆ.

ಜೊತೆಗಿದ್ದ ಹೆಂಗಸರೆಲ್ಲ ಹೆದರಿ ಕೇದಿಗೆಯ ಪೊದೆಯಲ್ಲಿ ಅಡಗಿದ್ದರಂತೆ. ಆಮೇಲೆ ಯಾರು ಕೇಳಿದರೂ, ತಾವೇನೂ ನೋಡಿಲ್ಲ ಎಂದರು. ಚಳವಳಿಯವರನ್ನು ಹುಡುಕಿಕೊಂಡು ಅಂಕೋಲೆಯ ಮನೆಮನೆಗೆ ಪೊಲೀಸರು ನುಗ್ಗಿದ್ದ ಕಾಲ ಅದು. ಎಂತದೂ ನೋಡಿಲ್ಲ ಎನ್ನುವುದನ್ನು ಹೆಂಗಸರು ಪಾಠದ ಹಾಗೆ ಕಲಿತಿದ್ದರು. ಸ್ವಂತ ತಾಯಿಯೇ ನೋಡಿಲ್ಲ ಎಂದ ಮೇಲೆ ಹುಡುಗಿಯ ಮಾತನ್ನು ಕೇಳುವವರು ಯಾರು? ಊರಿನವರ ವಾದ ಇನ್ನೂ ಗಟ್ಟಿ. ಬಳಚು ಹೆಕ್ಕುವಷ್ಟು ನೀರು ಇಳಿದಿತ್ತೆಂದು ನೀನೇ ಹೇಳುತ್ತೀ, ಮತ್ತೆ ವಿಮಾನ ಕುಳಿತದ್ದು ಎಲ್ಲಿ, ಮರಳಿನ ಮೇಲೋ? ಹುಡುಗಿ ಬಾಯಿ ತೆರೆಯುವ ಮೊದಲೇ ನಗು ಏಳುತ್ತಿತ್ತು. ಮದುವೆಯಾಗಿ ಕಾರವಾರಕ್ಕೆ ಬಂದರೂ ಆ ಕತೆ ಬೆನ್ನು ಬಿಡಲಿಲ್ಲ, ಮರೆಯಲ್ಲಿ ‘ಇಮಾನದ ಆಯಿ’ ಎನ್ನುವವರಿದ್ದರು. ನಾನು ಮಾತ್ರ ಕೇಳಿದ ಕ್ಷಣವೇ ನಂಬಿದೆ. ಸುಳ್ಳು ಹೇಳುವವರು ರಾಜನನ್ನು ಇಳಿಸುತ್ತಾರೆ, ಬಾಂಬು ಇಳಿಸುತ್ತಾರೆ. ಉಚ್ಚೆ ಹೊಯ್ದು ಹೋದವನನ್ನು ಯಾರು ಇಳಿಸುತ್ತಾರೆ?

ಅಣ್ಣ ನಂಬಿದ್ದರೇ ಎಂದು ನಾನು ಕೇಳಲಿಲ್ಲ.

ಆ ವರ್ಷ ಆಯಿಯ ಕಣ್ಣು ಅಂಚಿನಿಂದ ಕತ್ತಲಾಗುತ್ತ ಬಂತು. ಕಣ್ಣಿನ ಒತ್ತಡ ಏರಿ ಒಳಗಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯಿಂದ ಬಂದ ದಿನ ಅಣ್ಣ ಸ್ಟುಡಿಯೋದಲ್ಲಿ ಒಬ್ಬರೇ ಕುಳಿತಿದ್ದರು. ನಾನು ಚಹಾ ತಂದುಕೊಟ್ಟೆ. “ಅಕ್ಕೋರೆ, ಆ ಮುದುಕಗೆ ಒಂದ್ ಕಾಗ್ದ ಬರೀರಿ. ದೋಣಿ ಹೊಟ್ಟೆದೊಂದು ಇಮಾನ ಬೇಕು, ಲಗೂನೆ ಬೇಕು ಅಂತ ಬರೀರಿ. ಆಯಿ ಕಣ್ಣು ಹೋಗೂದ್ರೊಳಗೆ ಮಾಡ್ಬೇಕು” ಎಂದರು.

ಆ ಮುದುಕ ಒಳ್ಳೆಯವನು, ಅದನ್ನಂತೂ ಹೇಳಲೇಬೇಕು. ತನ್ನ ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಆ ಕಾಲದ ನೀರುವಿಮಾನವೊಂದರ ಮೈಕಟ್ಟು ಮಾಡಿ ಕಳಿಸಿದ. ಅಣ್ಣ ಬೆಳಗು ಬೈಗು ಎನ್ನದೆ ಕುಳಿತು ಚರ್ಮ ಹೊದಿಸಿದರು. ಹೊಟ್ಟೆಯ ಕೆಳಗೆ ಪಾಚಿಯ ಹಸಿರು, ನೀರು ಮುಟ್ಟುವಲ್ಲಿ ಉಪ್ಪಿನ ಬಿಳಿ ಗೆರೆ, ಜನ ಓಡಾಡಿ ಬಣ್ಣ ಸವೆದ ರೆಕ್ಕೆ. ಅಷ್ಟು ಚೆಂದದ ಹಳೆಯ ವಸ್ತುವನ್ನು ನಾನು ನೋಡಿರಲಿಲ್ಲ. ಆಮೇಲೆ ಮಂಜಗುಣಿ. ಸಿಮ್ಯುಲೇಟರಿನಲ್ಲಿ ಅಳಿವೆಯೆಂದರೆ ಬರೀ ಒಂದು ನೀಲಿ ಪಟ್ಟೆ. ಅದಕ್ಕೆ ದಡ ಕೂಡಿಸಿ, ತೆಂಗು ನೆಟ್ಟು, ಹುಲ್ಲು ಮಾಡಿನ ಮನೆಗಳನ್ನು ಕಟ್ಟಿ, ದೋಣಿ ಎಳೆದಿಟ್ಟರು. ನೀರಿನ ಮೇಲೆ ಇಳಿಯುವ ವಿಮಾನಕ್ಕೆ ಅದೇ ನಿಲ್ದಾಣ.

ಎಲ್ಲ ಮುಗಿದ ದಿನ ಆಯಿಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಆಯಿ ಕಾಳು ಹುಡುಕುವ ಕೋಳಿಯ ಹಾಗೆ ತಲೆ ಓರೆ ಮಾಡಿ, ಉಳಿದ ಅಷ್ಟೇ ದೃಷ್ಟಿಯನ್ನು ಕಂಪ್ಯೂಟರಿನ ಪರದೆಯ ಮೇಲೆ ಅತ್ತಿತ್ತ ಓಡಿಸಿದರು. ವಿಮಾನ ಕಂಡಾಗ ಅವರ ಬಾಯಿ ಅಷ್ಟಗಲ ಆಯಿತು.

“ಹೌದು. ಹೊಟ್ಟೆ ಹಿಂಗೇ ಇತ್ತು” ಎಂದರು. ಆಮೇಲೆ ಇನ್ನೂ ಬಗ್ಗಿ ನೋಡಿ, “ಇದು ಎಲ್ಲಿ ನಿಂತದೆ?” ಎಂದು ಕೇಳಿದರು.

“ಮಂಜಗುಣೀಲಿ, ಆಯಿ.”

“ಮಂಜಗುಣೀಲಿ ಇಷ್ಟ್ ನೀರು ಎಲ್ಲಿತ್ತು ಅಂದು? ಇದು ಭರತಿ. ಇಳತ ಮಾಡು.”

ಅಣ್ಣ ತಡವರಿಸಿದರು. ಇಳತ ಮಾಡಿದರೆ ವಿಮಾನ ಇಳಿಯಲು ಜಾಗವಿರುವುದಿಲ್ಲ, ಭರತಿಯೇ ಇರಲಿ, ನೋಡಲು ಚಂದ ಕಾಣುತ್ತದೆ ಎಂದರು. ಅಷ್ಟು ಸಾಕಾಯಿತು. ಆಯಿ ಪರದೆಯಿಂದ ಮುಖ ತಿರುಗಿಸಿ, ಮಗನ ದನಿ ಬಂದ ಕಡೆಗೆ ನೋಡಿ ಕೇಳಿದರು. “ನೀನೂ ನಂಬೂದಿಲ್ಲ, ಅಲ್ದನ?”

ಅಣ್ಣ ಕಂಪ್ಯೂಟರಿನ ಕಡೆ ಬಗ್ಗಿ, ವಿಮಾನವನ್ನು ಸುಮ್ಮನೆ ಇನ್ನೊಂದು ಬದಿಗೆ ತಿರುಗಿಸತೊಡಗಿದರು. ಅಮ್ಮನಿಗೆ ಕೊನೆಯದಾಗಿ ಒಂದು ಚಂದದ ಫೋಟೊ ತೆಗೆದುಕೊಡಲು ಹೊರಟಿದ್ದರು ಅವರು; ಬೊಚ್ಚು ಬಾಯಿಗೆ ಹಲ್ಲು ಕೂಡಿಸಿದ ಹಾಗೆ. ಅಮ್ಮನಿಗೆ ಬೇಕಾದದ್ದು ಅದಲ್ಲ, ಹೇಳಿದ್ದು ನಿಜ ಎನ್ನುವ ಒಂದು ಮಾತು. ಆಯಿ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಎಂದೂ ಅಳದ ಮನುಷ್ಯ ಅಂದು ಕನ್ನಡಕ ಒರೆಸುತ್ತ ಬಹಳ ಹೊತ್ತು ಕುಳಿತರು. ಅವರ ಬಗ್ಗೆ ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಮರುದಿನ ಹೋದಾಗ ಅಡುಗೆಮನೆಯ ಹೊಸ್ತಿಲಲ್ಲಿ ತಾಯಿ ಮಗ ಎದುರುಬದುರು ಕುಳಿತಿದ್ದರು, ನಡುವೆ ಅಕ್ಕಿ ಹರಡಿದ ಗೆರಸಿ. ಅಕ್ಕಿ ಗೇರುವ ಗೆರಸಿಯೇ ಅಳಿವೆಯಾಗಿತ್ತು. ಆಯಿ ಬೆರಳಿನಿಂದ ಅಕ್ಕಿಯನ್ನು ಸರಿಸಿ ದಿಬ್ಬ ಮಾಡುತ್ತಿದ್ದರು, ಬರಿದಾದಲ್ಲಿ ನೀರು. ಇಲ್ಲಿ ದಿಬ್ಬ, ಇಲ್ಲಿ ನಾವು, ಇಲ್ಲಿ ಕೇದಿಗೆ. ಆಚೆ ದಡಕ್ಕೆ ಒತ್ತಿಕೊಂಡು ಒಂದು ಉದ್ದನೆಯ ಜಾಗವನ್ನು ಪೂರ್ತಿ ಬರಿದು ಮಾಡಿದರು. “ಇಲ್ಲಿ ಇಳತಕ್ಕೂ ಆಳ. ಮಚ್ವೆ ಹೋಗ್ತಿತ್ತು” ಎಂದರು. ಮಚ್ವೆಯೆಂದರೆ ಸಾಮಾನು ತುಂಬುವ ದೊಡ್ಡ ದೋಣಿ. ಅಣ್ಣ ಗೆರಸಿಯ ಫೋಟೊ ಹೊಡೆದುಕೊಂಡರು. ಬಂದರಿನ ದೋಣಿಗಳನ್ನು ಬಿಟ್ಟರೆ, ಅವರು ಸವರಿ ಚಂದ ಮಾಡದೆ ಬಿಟ್ಟ ಮೊದಲ ಫೋಟೊ ಅದೇ ಇರಬೇಕು.

ಮುಂದಿನ ಹುಣ್ಣಿಮೆಗೆ ನಾನೂ ಅವರ ಸ್ಕೂಟರಿನ ಹಿಂದೆ ಕುಳಿತು ಮಂಜಗುಣಿಗೆ ಹೋದೆ. ದೋಣಿ ಮಾಡಿಕೊಂಡು, ಇಳತದಲ್ಲಿ ಬಿದಿರಿನ ಗಳು ಇಳಿಸಿ ಅಲ್ಲಲ್ಲಿ ಆಳ ನೋಡಿದರು. ದಡದಲ್ಲಿ ಗುಂಪು ಸೇರಿತು. ಸೇತುವೆಯ ಸರ್ವೆಯೆಂದು ಕೆಲವರು, ಮರಳು ಎತ್ತುವ ಸರ್ವೆಯೆಂದು ಕೆಲವರು. ವಿಮಾನ ಇಳಿಸಲು ಎಂದರೆ ಏನಾಗುತ್ತಿತ್ತೋ, ಆ ಊರಿನಲ್ಲಂತೂ ಬಾಯಿ ಬಿಡುವ ಹಾಗಿರಲಿಲ್ಲ. ಅಷ್ಟು ವರ್ಷದಲ್ಲಿ ಮರಳು ಎಷ್ಟೋ ಸಲ ಜಾಗ ಬದಲಿಸಿರುತ್ತದೆ, ಇದರಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಆಚೆ ದಡದ ಹತ್ತಿರ ಗಳು ತಳ ಮುಟ್ಟದೆ ಹೋದಾಗ ಅವರು ನನ್ನತ್ತ ತಿರುಗಿ ನೋಡಿದ ರೀತಿ...

ಗೆರಸಿಯಲ್ಲಿದ್ದ ಹಾಗೆಯೇ ಕಂಪ್ಯೂಟರಿನಲ್ಲಿ ಇಳತ ಮಾಡಿದರು. ನೀರು ಸರಿಯಿತು, ದಿಬ್ಬಗಳು ಎದ್ದವು, ಆಚೆಗೆ ಒಂದು ಕಿರಿದಾದ ನೀರಿನ ದಾರಿ ಉಳಿಯಿತು. ಈಗ ಅದರಲ್ಲಿ ವಿಮಾನ ಇಳಿಸಬೇಕು. ಆಗಲಿಲ್ಲ. ಕಡಲಿನ ಕಡೆಯಿಂದ ತಗ್ಗಿ ಬರುತ್ತಿದ್ದರು, ನೀರು ಮುಟ್ಟಿ ನಿಲ್ಲುವ ಮೊದಲೇ ದಾರಿ ಮುಗಿದು ವಿಮಾನ ಮರಳಿಗೆ ನುಗ್ಗಿ ಪಲ್ಟಿ ಹೊಡೆಯುತ್ತಿತ್ತು. ಮತ್ತೆ ಎತ್ತುವುದು, ಮತ್ತೆ ನುಗ್ಗಿಸುವುದು. ದಿನಗಟ್ಟಲೆ ಇದೇ ನಡೆಯಿತು. ಅಷ್ಟರಲ್ಲಿ ಆಯಿಗೆ ಬೆಳಕು ನೆರಳು ಬಿಟ್ಟರೆ ಬೇರೆ ಏನೂ ಕಾಣದಾಯಿತು. ತೋರಿಸುವ ಅವಕಾಶ ಕೈಜಾರಿತ್ತು. ಬಿಟ್ಟುಬಿಡಿ ಎಂದು ನಾನೇ ಹೇಳಿದೆ. ಅಣ್ಣ ಕೇಳಲಿಲ್ಲ. ಅವರು ಈಗ ಆಯಿಗೆ ತೋರಿಸಲು ಇಳಿಸುತ್ತಿರಲಿಲ್ಲ.

ಒಂದು ಸಂಜೆ ಅವರು ಬೇಸತ್ತು ನನಗೆ ಹೇಳುತ್ತಿದ್ದರು, ಕಡಲಿಂದ ಬರುವಾಗ ಗಾಳಿ ಬೆನ್ನಿಗೆ ಬಡಿಯುತ್ತದೆ, ಹಾಗಾಗಿ ವೇಗ ಇಳಿಯುವುದೇ ಇಲ್ಲ ಎಂದು. ತಾಜಮಹಲಿನ ಪರದೆಯ ಆಚೆಯಿಂದ ಆಯಿಯ ದನಿ ಬಂತು.

“ಕಡಲಿಂದ ಯಾರು ಬಂದ್ರು?”

“ಇಮಾನ, ಆಯಿ.”

“ಅದು ಕಡಲಿಂದ ಎಲ್ಲಿ ಬಂತು? ಗುಡ್ಡೆ ಬದಿ‌ಯಿಂದ ಬಂತು, ನಮ್ಮ ತಲೆ ಮೇಲಿಂದ. ಕಡಲಿಗೆ ಮುಖ ಮಾಡಿ ಕೂತ್ಕಂತು.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ದೋಣಿಯ ಹೊಟ್ಟೆ ಎಂದ ಮೇಲೆ ಅದು ಕಡಲಿನಿಂದಲೇ ಅಳಿವೆಗೆ ಬರಬೇಕು. ಕರಾವಳಿಯ ಯಾರಿಗೂ ಬೇರೆ ಯೋಚನೆಯೇ ಹೊಳೆಯುವುದಿಲ್ಲ. ನಮಗೂ ಹೊಳೆದಿರಲಿಲ್ಲ. “ಮೊದ್ಲೇ ಎಂತಕ್ಕೆ ಹೇಳ್ಲಿಲ್ಲ ಆಯಿ?” ಎಂದು ಅಣ್ಣ ಕೂಗಿದರು. “ಯಾರು ಕೇಳಿದ್ರು?” ಎಂದರು ಆಯಿ. ನಿಜವೇ. ಒಂದು ಜನ್ಮವಿಡೀ ಎಲ್ಲರೂ ನಕ್ಕರೇ ಹೊರತು, ಯಾವ ಕಡೆಯಿಂದ ಬಂತು ಎಂದು ಒಬ್ಬರೂ ಕೇಳಿರಲಿಲ್ಲ.

ಅಣ್ಣ ವಿಮಾನವನ್ನು ಗುಡ್ಡದ ಹಿಂದೆ ಒಯ್ದು ತಿರುಗಿಸಿದರು. ಹೋಳಿಯ ದಿನಗಳ ಸಂಜೆಯ ಕಡಲಗಾಳಿ ಈಗ ಎದುರಿಗೆ ಬಂತು. ವಿಮಾನ ತೆಂಗಿನ ತಲೆಗಳ ಮೇಲಿಂದ ನಿಧಾನವಾಗಿ ಇಳಿಯಿತು, ಗಾಳಿಯೇ ಅದನ್ನು ಹಿಡಿದುಕೊಂಡ ಹಾಗೆ. ನೀರು ಮುಟ್ಟಿತು. ಎರಡೂ ಬದಿಗೆ ನೊರೆ ಎದ್ದಿತು. ನಾನು ಅವರ ಕುರ್ಚಿಯ ಬೆನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ದಾರಿ ಮುಗಿಯುವ ಬಹಳ ಮೊದಲೇ ವಿಮಾನ ನಿಂತಿತು, ದಿಬ್ಬದ ಎದುರಿಗೆ, ಕಡಲಿಗೆ ಮುಖ ಮಾಡಿ.

ಅಣ್ಣ ಎದ್ದು ಪರದೆ ಸರಿಸಿ ಹೋಗಿ ಆಯಿಯ ಕೈ ಹಿಡಿದು ಕರೆತಂದರು. ಅವರ ಬೆರಳನ್ನು ಗಾಜಿನ ಮೇಲೆ ಇಟ್ಟು, “ಇಲ್ಲಿ ನಿಂತದೆ ಆಯಿ. ಇಳೀತು” ಎಂದರು. ಆಯಿ ಗಾಜನ್ನು ಸವರಿದರು. “ಇಳೀದೆ ಮತ್ತೆ?” ಎಂದರು, ಮಗು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಹಾಗೆ. ಆಮೇಲೆ ಮಗನ ಕಡೆ ತಿರುಗಿ, “ನೀ ನೋಡಿದ್ಯ?” ಎಂದು ಕೇಳಿದರು.

“ನೋಡ್ದೆ, ಆಯಿ.”

ಆಯಿ ಮಗನ ಹೆಗಲಿಗೆ ಹಣೆ ಒತ್ತಿ ಅತ್ತರು. ನಾನೂ ಅತ್ತೆ, ನಾಚಿಕೆ ಬಿಟ್ಟು. ಒಳಗಿನಿಂದ ಓಡಿಬಂದ ಅಣ್ಣನ ಹೆಂಡತಿ ಯಾರೋ ತೀರಿಕೊಂಡರೆಂದೇ ತಿಳಿದು ಗಾಬರಿಯಾದರು. ಆಮೇಲೆ ಆಯಿಯೇ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಉಚ್ಚೆ ಹೊಯ್ದವ ಎಲ್ಲಿ, ಅವ್ನ ಮಾಡ್ಲಿಲ್ಯ?” ಎಂದು ಕೇಳಿ ನಮ್ಮನ್ನೆಲ್ಲ ನಗಿಸಿದರು.

ಆ ನಿಲ್ದಾಣವನ್ನು ಅಣ್ಣ ಎಲ್ಲರಿಗೂ ಸಿಗುವ ಹಾಗೆ ಹಾಕಿದರು, ಇಳತದಲ್ಲೇ. ಭರತಿ ಮಾಡಿದರೆ ಇಳಿಯುವುದು ಸುಲಭವಾಗುತ್ತಿತ್ತು, ಮಾಡಲಿಲ್ಲ. ಎಲ್ಲೆಲ್ಲಿಂದಲೋ ದೂರು ಬಂತು, ನಿಮ್ಮ ನಿಲ್ದಾಣದಲ್ಲಿ ನೀರೇ ಇಲ್ಲ, ನನ್ನ ವಿಮಾನ ಮುರಿಯಿತು ಎಂದು. ನಾನು ಎಲ್ಲರಿಗೂ ಒಂದೇ ಉತ್ತರ ಬರೆಯುತ್ತಿದ್ದೆ. ಇದು ಇಳತ, ಗುಡ್ಡದ ಕಡೆಯಿಂದ ಬನ್ನಿ. ಆ ಮನೆಯಲ್ಲಿ ಇಮಾನ ಇಳಿಸಬೇಡ ಎಂಬ ಮಾತು ಆಮೇಲೆ ನನ್ನ ಕಿವಿಗೆ ಬೀಳಲಿಲ್ಲ. ಯಾರೂ ಬೇಡವೆನ್ನಲಿಲ್ಲ, ತಾನಾಗಿಯೇ ನಿಂತಿತು.

ಅಣ್ಣ ಹೋಗಿ ಈಗ ವರ್ಷಗಳಾದವು. ಒಂದು ಮಳೆಗಾಲದ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಎದೆ ನೋವೆಂದು ಯಾರಿಗೂ ಹೇಳಿರಲಿಲ್ಲ. ತನ್ನ ಸುಕ್ಕು ಮಾತ್ರ ಯಾರಿಗೂ ತೋರಿಸದ ಮನುಷ್ಯ. ಗೋಡೆಗೆ ಹಾಕಲು ಅವರದೇ ಒಂದು ಒಳ್ಳೆಯ ಫೋಟೊ ಮನೆಯಲ್ಲಿರಲಿಲ್ಲ. ಎಲ್ಲರ ಫೋಟೊ ತೆಗೆದವರದ್ದು ಹಾಗೆಯೇ ಆಗುತ್ತದೆಯೋ ಏನೋ. ನಾನು ನಿವೃತ್ತಳಾಗಿ ಅಂಕೋಲೆಗೆ ಬಂದೆ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಕೇಕ್ ಮಾರುತ್ತಾರೆ. ಅವರಷ್ಟು ನಾನು ಛೇಡಿಸಿದವರು, ಅವರಷ್ಟು ನನ್ನ ಸಿಡುಕನ್ನು ಸಹಿಸಿದವರು ಇನ್ನೊಬ್ಬರಿಲ್ಲ. ಅವರಿಲ್ಲದ್ದು ನನಗೆ ಇನ್ನೂ ರೂಢಿಯಾಗಿಲ್ಲ.

ಆಯಿ ಇದ್ದಾರೆ. ಹಟ್ಟಿಕೇರಿಯಲ್ಲಿ ಮೊಮ್ಮಗಳ ಮನೆಯಲ್ಲಿ, ಸೊಸೆಯ ಜೊತೆ. ಕಣ್ಣು ಪೂರ್ತಿ ಹೋಗಿದೆ, ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಫೋಟೊ ತೆಗೆಸಿಕೊಂಡ ಆ ದಿನ ಮನೆಗೆ ಹೋಗಲು ಮನಸ್ಸಾಗಲಿಲ್ಲ, ರಿಕ್ಷಾ ಹಿಡಿದು ನೇರ ಅಲ್ಲಿಗೇ ಹೋದೆ. ಆಯಿಗೆ ಸ್ನಾನ ಮಾಡಿಸಲು ಹೊಸದಾಗಿ ಬರುತ್ತಿರುವ ಹೆಂಗಸು ಅವರ ತಲೆ ಒರೆಸುತ್ತಿದ್ದಳು. ಸುಂಕಸಾಳದ ಕಡೆಯವಳು, ಕಡಲಿನ ಪರಿಚಯ ಕಡಿಮೆ. ಆಯಿ ಅವಳಿಗೆ ವಿಮಾನದ ಕತೆ ಹೇಳುತ್ತಿದ್ದರು. ಅವಳು ಕೇಳಿ ಕೇಳಿ, ನಗು ತಡೆಯಲಾರದೆ, “ಎಂತದೇ ಆಯಿ, ನೀರೇ ಇಲ್ದಲ್ಲಿ ಇಮಾನ ಹ್ಯಾಂಗೆ ಇಳೀತದೆ?” ಎಂದಳು.

ನಾನು ಅವಳನ್ನು ತಡೆಯಲು ಮುಂದೆ ಬಂದೆ. ಆಯಿಗೆ ಮಾತ್ರ ಬೇಸರವಾದ ಹಾಗೆ ಕಾಣಲಿಲ್ಲ. ಒದ್ದೆ ಕೂದಲನ್ನು ಕೈಯಿಂದ ಹಿಂದಕ್ಕೆ ಸರಿಸಿ, ನೆಟ್ಟಗೆ ಕುಳಿತು ಹೇಳಿದರು. “ನಾ ಒಬ್ಳೇ ನೋಡಿದ್ದಲ್ಲ ಮಗಾ. ನನ್ನ ಮಗನೂ ನೋಡಿದ್ದ. ಅವ ಇದ್ದಿದ್ರೆ ಅವ್ನೇ ಹೇಳ್ತಿದ್ದ.”

ಆ ಹೆಂಗಸು ನಿಜವೇ ಎನ್ನುವಂತೆ ನನ್ನ ಮುಖ ನೋಡಿದಳು.

“ಹೌದು” ಎಂದೆ. “ನಾನೂ ಅಲ್ಲೇ ಇದ್ದೆ.”